ಬ್ರೋಕರ್ ಮನೆ ತೋರಿಸ್ತಾನೆ, ಮನೆ ಕೊಡೋದು ಮಾಲೀಕ: ಬಳ್ಳಾರಿಯಲ್ಲಿ ಬಾಡಿಗೆ ಹಿಡಿಯುವ ಮುನ್ನ

ಮೇ ಕೊನೆಯಿಂದ ಜುಲೈವರೆಗೆ ಬಳ್ಳಾರಿಯಲ್ಲಿ ಬಾಡಿಗೆ ಮನೆ ಹುಡುಕುವವರ ಓಡಾಟ ಜೋರು. ವರ್ಗಾವಣೆಯಾಗಿ ಬಂದ ಬ್ಯಾಂಕಿನವರು, ಮೇಷ್ಟ್ರುಗಳು, ಮೆಡಿಕಲ್ ಕಾಲೇಜಿಗೆ ಸೇರಿದ ಮಕ್ಕಳು, ಆಸ್ಪತ್ರೆಯ ನರ್ಸುಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇಲ್ಲಿಂದಲೇ ಬಸ್ಸು ಹಿಡಿಯುವವರು, ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಬಂದ ಟೈಲರ್‌ಗಳು ಎಲ್ಲರೂ ಒಂದೇ ಹೊತ್ತಿಗೆ ಗಾಂಧಿನಗರ, ಸತ್ಯನಾರಾಯಣಪೇಟೆ, ಪಾರ್ವತಿ ನಗರ, ಕೌಲ್ ಬಜಾರ್ ಕಡೆಯ ಓಣಿ ಓಣಿ ತಿರುಗುತ್ತಾರೆ. ಗೇಟಿಗೆ ತೂಗುಹಾಕಿದ ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಹಚ್ಚಿದರೆ ಆ ಕಡೆಯಿಂದ ಮಾತಾಡುವವರು ಬಹಳ ಸಲ ಮನೆ ಮಾಲೀಕರಲ್ಲ, ಬ್ರೋಕರ್.

ಈ ಬ್ರೋಕರ್‌ಗಳಲ್ಲಿ ಹಲವರು ಚೆನ್ನಾಗಿ ಕೆಲಸ ಮಾಡಿಕೊಡುವವರೇ. ಜೆರಾಕ್ಸ್ ಅಂಗಡಿಯನ್ನೋ ಸೈಟು ವ್ಯಾಪಾರವನ್ನೋ ನಡೆಸುತ್ತ, ಯಾವ ಓಣಿಯ ಯಾವ ಮಹಡಿ ಮುಂದಿನ ತಿಂಗಳು ಖಾಲಿಯಾಗುತ್ತದೆ ಎಂಬುದನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಾರೆ. ಊರಿಗೆ ಹೊಸಬರಾದವರಿಗೆ ಅವರು ಬೇಕು. ನನ್ನ ತಕರಾರು ಅವರ ಮೇಲಲ್ಲ. ಬಾಡಿಗೆಗೆ ಬರುವವರು ಬ್ರೋಕರ್ ಆಡಿದ ಮಾತನ್ನೇ ಮಾಲೀಕರ ಮಾತು ಅಂದುಕೊಂಡು ದುಡ್ಡು ಎಣಿಸಿಕೊಟ್ಟುಬಿಡುತ್ತಾರೆ. ನಾನು ಕಂಡ ಜಗಳಗಳೆಲ್ಲ ಅಲ್ಲಿಂದಲೇ ಶುರುವಾದವು.

ಮೂರು ಜನ, ಎರಡು ವ್ಯವಹಾರ

ಮನೆ ಹಿಡಿಯುವಾಗ ನಿಮ್ಮ ಮುಂದೆ ಎರಡು ಬೇರೆ ಬೇರೆ ವ್ಯವಹಾರಗಳಿರುತ್ತವೆ. ಒಂದು, ನಿಮಗೂ ಮಾಲೀಕರಿಗೂ ನಡುವಿನದು: ಮನೆ, ಅಡ್ವಾನ್ಸ್, ತಿಂಗಳ ಬಾಡಿಗೆ. ಇನ್ನೊಂದು, ನಿಮಗೂ ಬ್ರೋಕರ್‌ಗೂ ನಡುವಿನದು: ಮನೆ ಹುಡುಕಿಕೊಟ್ಟದ್ದಕ್ಕೆ ಕಮಿಷನ್. ಎರಡಕ್ಕೂ ಒಂದೇ ದಿನ, ಒಂದೇ ಜೇಬಿನಿಂದ ದುಡ್ಡು ಹೋಗುವುದರಿಂದ ಎರಡೂ ಒಂದೇ ಅನ್ನಿಸುತ್ತದೆ. ಕಾನೂನು ಹಾಗೆ ನೋಡುವುದಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಬ್ಬರ ಪರವಾಗಿ ವ್ಯವಹಾರ ಮಾಡುವವನು ಅವರ ಏಜೆಂಟ್. ಏಜೆಂಟ್ ಮಾಡಿದ ಕೆಲಸಕ್ಕೆ ಯಜಮಾನ ಹೊಣೆಯಾಗುವುದು, ಆ ಕೆಲಸಕ್ಕೆ ಅವರು ಅಧಿಕಾರ ಕೊಟ್ಟಿದ್ದರೆ ಅಥವಾ ಕೊಟ್ಟಿದ್ದಾರೆಂದು ಹೊರಗಿನವರು ನಂಬುವಂತೆ ನಡೆದುಕೊಂಡಿದ್ದರೆ ಮಾತ್ರ. ಮನೆ ತೋರಿಸು ಅಂದದ್ದು ಅಡ್ವಾನ್ಸ್ ಇಸ್ಕೋ ಅಂದಂತೆ ಆಗುವುದಿಲ್ಲ. ಬೀಗದ ಕೈ ಕೊಟ್ಟಿದ್ದಾರೆ ಅಂದ ಮಾತ್ರಕ್ಕೆ ಬಾಡಿಗೆ ಕರಾರಿಗೆ ಸಹಿ ಹಾಕುವ ಅಧಿಕಾರವೂ ಬಂತು ಅಂತಲ್ಲ. ನೀವು ಬ್ರೋಕರ್ ಕೈಗೆ ಐವತ್ತು ಸಾವಿರ ಕೊಟ್ಟು, ಅದು ಮಾಲೀಕರಿಗೆ ಮುಟ್ಟದಿದ್ದರೆ, “ನಾನೇನು ಅವನಿಗೆ ಇಸ್ಕೊ ಅಂದಿದ್ನೇನು?” ಎಂದು ಮಾಲೀಕರು ಕೇಳಬಹುದು. ಆಗ ಅಧಿಕಾರ ಇತ್ತೆಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ.

“ಮಾಲೀಕ್ರು ಹೈದರಾಬಾದಿನಾಗ ಇರ್ತಾರ್ರಿ ಸರ, ಎಲ್ಲಾ ನನಗ ಒಪ್ಪಿಸ್ಯಾರ” ಎಂದು ಬ್ರೋಕರ್ ಹೇಳಿದರೆ ಅದು ನಿಜವೇ ಇರಬಹುದು. ಈ ಊರಿನ ಎಷ್ಟೋ ಮನೆಗಳ ಯಜಮಾನರು ಮಕ್ಕಳ ಜೊತೆ ಬೆಂಗಳೂರು, ಹೈದರಾಬಾದಿಗೆ ಹೋಗಿ ನೆಲೆಸಿದ್ದಾರೆ. ಹಾಗಿದ್ದಾಗ ಮುಖ್ತ್ಯಾರ್ ಪತ್ರದ ಪ್ರತಿ ಕೇಳಿ. ಅಂದರೆ ಪವರ್ ಆಫ್ ಅಟಾರ್ನಿ. ಅದರಲ್ಲಿ ಬಾಡಿಗೆಗೆ ಕೊಡುವ ಅಧಿಕಾರವೂ ಹಣ ಪಡೆಯುವ ಅಧಿಕಾರವೂ ಸ್ಪಷ್ಟವಾಗಿ ಬರೆದಿರಬೇಕು. ಪತ್ರ ಇಲ್ಲವೆಂದರೆ ಮಾಲೀಕರೊಡನೆ ವಿಡಿಯೊ ಕಾಲ್‌ನಲ್ಲಿ ಮಾತಾಡಿ, ಅಡ್ವಾನ್ಸನ್ನು ಅವರ ಖಾತೆಗೇ ಹಾಕಿ. ನಿಜವಾದ ಬ್ರೋಕರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಆ ಮನೆಯ ಆಸೆ ಬಿಡುವುದೇ ಲೇಸು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಾಲೀಕರು ಯಾರೆಂದು ತಿಳಿಯಲು ದೊಡ್ಡ ದಾಖಲೆ ಬೇಕಿಲ್ಲ. ಮಹಾನಗರ ಪಾಲಿಕೆಗೆ ಈ ವರ್ಷ ಕಟ್ಟಿದ ಆಸ್ತಿ ತೆರಿಗೆಯ ರಸೀದಿ, ಜೆಸ್ಕಾಂ ಕರೆಂಟ್ ಬಿಲ್ಲು, ಮಾಲೀಕರ ಗುರುತಿನ ಚೀಟಿ, ಈ ಮೂರರ ಹೆಸರು ವಿಳಾಸ ಹೊಂದಿಕೊಂಡರೆ ಸಾಕು. ಕರೆಂಟ್ ಬಿಲ್ಲು ತೀರಿಹೋದ ತಂದೆಯ ಹೆಸರಿನಲ್ಲೇ ಇರುವುದು ಇಲ್ಲಿ ಸಾಮಾನ್ಯ. ಆಗ ಅಣ್ಣತಮ್ಮಂದಿರಲ್ಲಿ ಮನೆ ಯಾರ ಪಾಲಿಗೆ ಬಂದಿದೆ ಅಂತ ಕೇಳಿಕೊಳ್ಳಿ. ಭಾಗ ಆಗದ ಮನೆಯನ್ನು ಒಬ್ಬ ತಮ್ಮ ಬಾಡಿಗೆಗೆ ಕೊಟ್ಟು, ಆರು ತಿಂಗಳಿಗೆ ಇನ್ನೊಬ್ಬ ಬಂದು “ಬಾಡಿಗೆ ನನಗ ಕೊಡ್ರಿ” ಅಂದರೆ ನಡುವೆ ಸಿಕ್ಕಿಬೀಳುವವರು ನೀವು. ಪಕ್ಕದ ಮನೆಯ ಅಮ್ಮನನ್ನೋ ಮೂಲೆಯ ಕಿರಾಣಿ ಅಂಗಡಿಯವರನ್ನೋ ಐದು ನಿಮಿಷ ಮಾತಾಡಿಸಿದರೂ ಈ ವಿಷಯ ಹೊರಬರುತ್ತದೆ.

ಕಮಿಷನ್ ಎಷ್ಟು, ಯಾವಾಗ, ಯಾತಕ್ಕೆ

ಬಾಡಿಗೆ ಮನೆಯ ಕಮಿಷನ್ನು ರೂಢಿಯ ಮೇಲೆ ನಡೆಯುತ್ತದೆ. ಒಂದು ತಿಂಗಳ ಬಾಡಿಗೆ ಕೇಳುವವರಿದ್ದಾರೆ, ಹದಿನೈದು ದಿನದ್ದಕ್ಕೆ ಒಪ್ಪುವವರೂ ಇದ್ದಾರೆ. ಇಬ್ಬರ ಕಡೆಯಿಂದಲೂ, ಅಂದರೆ ಮಾಲೀಕರಿಂದಲೂ ನಿಮ್ಮಿಂದಲೂ ಪಡೆಯುವುದು ಇದೆ. ಅದು ತಪ್ಪೇನಲ್ಲ, ಆದರೆ ನಿಮಗೆ ಗೊತ್ತಿರಬೇಕು. ಮಾಲೀಕರಿಂದಲೂ ದುಡ್ಡು ಪಡೆಯುವವರು ನಿಮಗಾಗಿ ಬಾಡಿಗೆ ಇಳಿಸಲು ಎಷ್ಟು ಗಟ್ಟಿಯಾಗಿ ಚೌಕಾಸಿ ಮಾಡಿಯಾರು ಎಂದು ಲೆಕ್ಕ ಹಾಕಲು ಅದು ಬೇಕು.

ಮೊದಲ ಮನೆ ನೋಡುವ ಮುಂಚೆಯೇ ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಒಪ್ಪಿಗೆ ಪಡೆಯಿರಿ: ಕಮಿಷನ್ ಇಷ್ಟು, ಕರಾರಿಗೆ ಸಹಿ ಆಗಿ ಬೀಗದ ಕೈ ಸಿಕ್ಕ ದಿನ ಕೊಡುವುದು, ಮನೆ ಕೈತಪ್ಪಿದರೆ ಏನೂ ಇಲ್ಲ. ಮನೆ ತೋರಿಸುವ ಖರ್ಚೆಂದು ಮೊದಲೇ ಕೆಲವು ನೂರು ರೂಪಾಯಿ ಕೇಳಿದರೆ ಅದನ್ನು ಕಮಿಷನ್ನಿನಲ್ಲಿ ಮುರಿದುಕೊಳ್ಳಬೇಕು ಎಂಬುದನ್ನೂ ಸೇರಿಸಿ. ಹನ್ನೊಂದು ತಿಂಗಳು ಮುಗಿದು ಕರಾರು ಮತ್ತೆ ಬರೆಸುವಾಗ ಮತ್ತೊಂದು ಕಮಿಷನ್ ಕೇಳುವ ಚಾಳಿ ಈಚೆಗೆ ಶುರುವಾಗಿದೆ. ಅಲ್ಲಿ ಅವರು ಹೊಸದಾಗಿ ಮಾಡುವ ಕೆಲಸವೇನೂ ಇಲ್ಲ. ಅದು ಇಲ್ಲವೆಂದು ಮೊದಲೇ ಮಾತಾಗಲಿ.

ಬ್ರೋಕರ್‌ಗಳ ಬಗ್ಗೆ ಎರಡು ಕಾನೂನುಗಳ ಹೆಸರು ಬಾಯಿಂದ ಬಾಯಿಗೆ ಓಡಾಡುತ್ತದೆ. ಒಂದು ರೇರಾ, 2016ರ ಕಾಯ್ದೆ. “ನಾನು ರೇರಾ ನೋಂದಾಯಿತ ಏಜೆಂಟ್” ಎಂದು ಕಾರ್ಡು ತೋರಿಸುವವರಿದ್ದಾರೆ. ರೇರಾ ಇರುವುದು ಫ್ಲಾಟು, ಸೈಟುಗಳ ಮಾರಾಟಕ್ಕೆ. ಬಾಡಿಗೆ ವ್ಯವಹಾರ ಅದರೊಳಗೆ ಬರುವುದಿಲ್ಲ, ಹಾಗಾಗಿ ಬಾಡಿಗೆ ವಿಷಯದಲ್ಲಿ ಮೋಸವಾದರೆ ರೇರಾಗೆ ದೂರು ಕೊಟ್ಟು ಪ್ರಯೋಜನವಿಲ್ಲ. ಇನ್ನೊಂದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕು ಎನ್ನುವ ಕಲಂ ಅದರಲ್ಲಿದೆ. ಕೇಳಿ ನೋಡಿ; ನೋಂದಣಿ ತೋರಿಸಿದರೆ ಒಳ್ಳೆಯದು, ತೋರಿಸದಿದ್ದರೆ ಅವರ ಪೂರ್ತಿ ಹೆಸರು, ಅಂಗಡಿ ವಿಳಾಸ, ದುಡ್ಡು ಹೋಗುವ ಖಾತೆಯ ಹೆಸರು ನಿಮ್ಮಲ್ಲಿರಲಿ.

ಬ್ರೋಕರ್ ಕಮಿಷನ್ ಪಡೆದು ಮಾತಿಗೆ ತಪ್ಪಿದರೆ ಹೋಗಬೇಕಾದ ಜಾಗ ಬೇರೆ. ದುಡ್ಡು ಪಡೆದು ಮಾಡುವ ಕೆಲಸ ಅದು, ಆದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ಯೊಳಗೆ ತರಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಗಳಿವೆ. ಎರಡು ವರ್ಷದೊಳಗೆ ದೂರು ಹಾಕಬೇಕು. ನೀವು ತೆತ್ತ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ.

ಟೋಕನ್

“ಅಕ್ಕಾ, ಸಂಜಿಗೆ ಇನ್ನೊಬ್ರು ನೋಡಾಕ ಬರ್ತಾರ, ಈಗ ಒಂದೈದು ಸಾವಿರ ಟೋಕನ್ ಹಾಕ್ರಿ, ಮನಿ ನಿಮಗ ಹಿಡದಿಡ್ತೀನಿ.”

ಈ ಮಾತು ನಿಜವಿದ್ದರೂ ಅವಸರ ಬೇಡ. ಟೋಕನ್ ಕೊಡಲೇಬೇಕಾದರೆ ಮಾಲೀಕರ ಖಾತೆಗೆ ಕೊಡಿ. ಯಾವ ಮನೆಗೆ, ಬಾಡಿಗೆ ಎಷ್ಟು, ಎಂದು ಮನೆಗೆ ಬರುವುದು, ಈ ಹಣ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು, ಮಾಲೀಕರೇ ಹಿಂದೆ ಸರಿದರೆ ಪೂರ್ತಿ ವಾಪಸ್ಸು ಎಂಬುದನ್ನು ಅವರಿಂದಲೇ ಮೆಸೇಜು ಹಾಕಿಸಿಕೊಳ್ಳಿ. ನೀವೇ ಮನಸ್ಸು ಬದಲಿಸಿದರೂ ಟೋಕನ್ ಇಡೀ ನುಂಗುವ ಹಕ್ಕು ತಾನಾಗಿ ಬರುವುದಿಲ್ಲ. ಕರಾರು ಮುರಿದಾಗ ನ್ಯಾಯವಾದಷ್ಟು ಪರಿಹಾರ ಮಾತ್ರ ಎಂದು ಕರಾರು ಕಾಯ್ದೆಯ 74ನೇ ಕಲಂ ಹೇಳುತ್ತದೆ. ಆದರೆ ಐದು ಸಾವಿರಕ್ಕೆ ಕೋರ್ಟಿಗೆ ಹೋಗುವವರು ಯಾರು? ಅದಕ್ಕೇ ಬರಹದಲ್ಲಿರಲಿ.

ಆನ್‌ಲೈನಿನಲ್ಲಿ ಮನೆ ಹುಡುಕುವ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಚೆಂದದ ಫೋಟೊ, ಅಗ್ಗದ ಬಾಡಿಗೆ, “ನಾನು ಸೈನ್ಯದಲ್ಲಿದ್ದೇನೆ, ದೂರದ ಊರಿಗೆ ಪೋಸ್ಟಿಂಗ್ ಆಗಿದೆ, ಗೇಟ್ ಪಾಸಿಗೆ ಸ್ವಲ್ಪ ಹಣ ಹಾಕಿ” ಎಂಬ ಕಥೆ, ಮೇಲಿಂದ ಸೈನಿಕರ ಗುರುತಿನ ಚೀಟಿಯ ಫೋಟೊ. ದೇಶದ ತುಂಬ ನಡೆದಿರುವ ವಂಚನೆ ಇದು. ಯುಪಿಐ ಪಿನ್ ಒತ್ತಿದಿರೆಂದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ. ಹಣ ಬರಲು ಪಿನ್ ಬೇಕಾಗುವುದೇ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಯೊಳಗೆ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಕಾಲಿಟ್ಟು ನೋಡದ ಮನೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಇನ್ನೊಂದು ಪ್ರಶ್ನೆ ಬ್ರೋಕರ್ ಬಾಯಿಂದ ಮೊದಲೇ ಬರುತ್ತದೆ: “ನೀವು ಯಾವ ಪೈಕಿ?” ಕೆಲವರಿಗೆ ಇದು ಕೇಳಿಸದಂತೆ ಹೋಗುತ್ತದೆ, ಕೆಲವರಿಗೆ ಬೆಳಗಿನಿಂದ ಇದು ಐದನೇ ಸಲ. ಮಾಲೀಕರು ಹೇಳಿದ್ದನ್ನು ತಾನು ದಾಟಿಸುತ್ತಿದ್ದೇನೆ ಅಷ್ಟೇ ಎಂದು ಬ್ರೋಕರ್ ಅಂದುಕೊಳ್ಳುತ್ತಾನೆ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಯಾವುದೇ ಬಡಾವಣೆಯಲ್ಲಿ ಮನೆ ಮಾಡಿ ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಧ್ಯದಲ್ಲಿ ನಿಂತು ಅದಕ್ಕೆ ಕೈಜೋಡಿಸಿದವರಿಗೂ ಹೊಣೆ ತಪ್ಪುವುದಿಲ್ಲ. ಮನೆ ಹುಡುಕುವಾಗ ಎಲ್ಲರಿಗೂ ದೂರು ಕೊಡುವಷ್ಟು ತ್ರಾಣ ಇರುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಮೆಸೇಜಿನಲ್ಲಿ ಹಾಗೆ ಬರೆದಿದ್ದರೆ ಅದನ್ನು ಅಳಿಸದೆ ಇಟ್ಟುಕೊಳ್ಳಿ.

ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ

ಬ್ರೋಕರ್‌ಗಳು ಮನೆ ತೋರಿಸುವುದು ಸಾಮಾನ್ಯವಾಗಿ ತಂಪು ಹೊತ್ತಿನಲ್ಲಿ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳು ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮೇಲಿನ ಮಹಡಿಯ ಆರ್‌ಸಿಸಿ ತಾರಸಿ ಹಗಲೆಲ್ಲ ಕಾದು ರಾತ್ರಿ ಹನ್ನೊಂದರವರೆಗೂ ಒಳಗೆ ಕಾವು ಬಿಡುತ್ತಿರುತ್ತದೆ. ಒಪ್ಪುವ ಮುನ್ನ ಒಮ್ಮೆ ಮಧ್ಯಾಹ್ನ ಮೂರಕ್ಕೆ ಹೋಗಿ, ಪಡುವಣ ಗೋಡೆಗೆ ಕೈ ಇಟ್ಟು ನೋಡಿ. ತಾರಸಿಗೆ ಬಿಳಿ ಬಣ್ಣ ಹೊಡೆಸಿಕೊಡುತ್ತಾರಾ, ಕೂಲರ್ ಇಡಲು ಕಿಟಕಿ ಇದೆಯಾ ಅಂತ ಕೇಳಿ.

ನೀರಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. ತುಂಗಭದ್ರಾ ಕಾಲುವೆಯ ನೀರನ್ನು ಅಲ್ಲಿಪುರ, ಮೋಕಾ ಕೆರೆಗಳಲ್ಲಿ ತುಂಬಿಸಿಕೊಂಡು ಊರಿಗೆ ಕೊಡುತ್ತಾರೆ. ಬಡಾವಣೆಗೊಂದು ಸರದಿ, ದಿನವೂ ನಳ ಬರುವ ಊರಲ್ಲ ಇದು. “ನೀರಿಗೇನೂ ತೊಂದ್ರಿ ಇಲ್ರಿ” ಎಂಬ ಬ್ರೋಕರ್ ಮಾತಿನಿಂದ ನಿಮಗೇನೂ ತಿಳಿಯುವುದಿಲ್ಲ. ಎಷ್ಟು ದಿನಕ್ಕೊಮ್ಮೆ ನಳ ಬರುತ್ತದೆ, ಎಷ್ಟು ತಾಸು ಬಿಡುತ್ತಾರೆ, ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಸೇರಿದ್ದು ಎಂದು ಬಿಡಿಬಿಡಿಯಾಗಿ ಕೇಳಿ.

ಲೆಕ್ಕ ಹೀಗೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರಿ ಯೋಜನೆಗಳಲ್ಲಿ ಇಟ್ಟುಕೊಳ್ಳುವ ಅಳತೆ. ನಾಲ್ಕು ಜನಕ್ಕೆ 540 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಾದರೆ 4,320 ಲೀಟರ್ ತುಂಬಿಡಬೇಕು. ಒಂದು ಘನ ಅಡಿ ಜಾಗದಲ್ಲಿ ಸುಮಾರು 28 ಲೀಟರ್ ಹಿಡಿಯುತ್ತದೆ. ಆರು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳದ ಸಂಪಿನಲ್ಲಿ 4,200 ಲೀಟರ್. ಒಂದು ಮನೆಗೆ ಇದು ಸರಿಹೋಗುತ್ತದೆ. ಮೇಲೊಂದು ಕೆಳಗೊಂದು ಹಿಂದೊಂದು ಎಂದು ಮೂರು ಸಂಸಾರಕ್ಕೆ ಇದೇ ಸಂಪಾದರೆ ಮೂರನೇ ದಿನಕ್ಕೆ ತಳ ಕಾಣುತ್ತದೆ. ಆಮೇಲೆ ಟ್ಯಾಂಕರಿನ ದುಡ್ಡು ಯಾರದು? ಮೋಟರಿನ ಕರೆಂಟು ಯಾರ ಮೀಟರಿನದು? ಬೋರ್ ಇದೆ ಎಂದರೆ ಕುಡಿಯಲು ಬರುತ್ತದೋ ಬಳಸಲು ಮಾತ್ರವೋ? ಸ್ವಲ್ಪ ನೀರು ಬಾಯಿಗೆ ಹಾಕಿ ನೋಡಿದರೆ ಉಪ್ಪು ತಿಳಿಯುತ್ತದೆ. ರಾಯಚೂರು, ಕೊಪ್ಪಳದಲ್ಲಿ ಮನೆ ಹುಡುಕುವವರಿಗೂ ಇದೇ ಪ್ರಶ್ನೆಗಳು ಸಾಕು.

ಕರೆಂಟು ಮೀಟರು ನಿಮಗೇ ಬೇರೆ ಇದೆಯಾ ನೋಡಿಕೊಳ್ಳಿ. ಗೃಹ ಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಮನೆಯ ಮೀಟರಿನ ಖಾತೆಗೆ ನಿಮ್ಮ ಆಧಾರ್ ಜೋಡಿಸಬೇಕು. ಹಿಂದೆ ಇದ್ದವರ ಆಧಾರ್ ಇನ್ನೂ ಅಲ್ಲೇ ಅಂಟಿಕೊಂಡಿದ್ದರೆ ನಿಮ್ಮದು ಸೇರುವುದಿಲ್ಲ. ಒಂದು ಮೀಟರಿನ ಮೇಲೆ ಸಬ್ ಮೀಟರ್ ಹಾಕಿ ಮೂರು ಮನೆ ನಡೆಸುವ ಕಡೆ ಮೂರರ ಬಳಕೆಯೂ ಕೂಡಿ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಬರುತ್ತದೆ. ಆ ಬಿಲ್ಲನ್ನು ಹೇಗೆ ಹಂಚುತ್ತಾರೆ ಎಂಬುದು ಬಾಡಿಗೆಯಷ್ಟೇ ಮುಖ್ಯವಾದ ಮಾತು. ಹಳೆ ಬಾಕಿ ಇಲ್ಲವೆಂದು ಕೊನೆಯ ಬಿಲ್ಲು ನೋಡಿ ಖಾತ್ರಿ ಮಾಡಿಕೊಳ್ಳಿ.

ಹನ್ನೊಂದು ತಿಂಗಳ ಕಾಗದ

ಎಲ್ಲರೂ ಹನ್ನೊಂದು ತಿಂಗಳಿಗೇ ಕರಾರು ಬರೆಸುತ್ತಾರೆ. ಕಾರಣ ಸರಳ. 1908ರ ನೋಂದಣಿ ಕಾಯ್ದೆ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ಇದರಲ್ಲಿ ಕಾನೂನು ಮುರಿದದ್ದೇನೂ ಇಲ್ಲ. ಆದರೆ ನೋಟರಿ ಸೀಲು ಬಿದ್ದರೆ ಅದೇ ನೋಂದಣಿ ಎಂದು ಬಹಳ ಜನ ನಂಬಿದ್ದಾರೆ. ನೋಟರಿ ನಿಮ್ಮ ಸಹಿಗೆ ಸಾಕ್ಷಿ ಅಷ್ಟೇ. ಮೂರು ವರ್ಷಕ್ಕೆ ಬರೆದು ಬರೀ ನೋಟರಿ ಮಾಡಿಸಿದ ಪತ್ರ ಹಿಡಿದು ಮೂರು ವರ್ಷ ಇರುವ ಹಕ್ಕನ್ನು ಕೋರ್ಟಿನಲ್ಲಿ ಸಾಧಿಸಲಾಗದು.

ಬಾಡಿಗೆ ಕಾಯ್ದೆ ನಮ್ಮನ್ನು ಕಾಯುತ್ತದೆ ಎಂಬುದು ಇನ್ನೊಂದು ನಂಬಿಕೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂದಾಗ ಊರಿನ ದರ್ಜೆ ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಇವತ್ತು ಬಳ್ಳಾರಿಯಲ್ಲಿ ಎರಡು ಕೋಣೆಯ ಮನೆ ಆ ದುಡ್ಡಿಗೆ ಸಿಗುವುದಿಲ್ಲ. ಹಾಗಾಗಿ ನಿಮಗೆ ಅನ್ವಯಿಸುವುದು ಹೆಚ್ಚಾಗಿ 1882ರ ಕಾಯ್ದೆ ಮತ್ತು ನೀವು ಸಹಿ ಹಾಕುವ ಕಾಗದ. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮಿತಿ ಇದೆ. ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿ ಮಾಡಿಕೊಳ್ಳದೆ ನಮಗೆ ಲಾಗೂ ಆಗುವುದಿಲ್ಲ. ಬ್ರೋಕರ್ ಹತ್ತಿರ ಅದನ್ನು ಹೇಳಿ ವಾದಿಸಿದರೆ ಉಪಯೋಗವಿಲ್ಲ. ಅಡ್ವಾನ್ಸನ್ನು ಚೌಕಾಸಿಯಿಂದಲೇ ಇಳಿಸಬೇಕು.

ಕಾಗದ ಸಿದ್ಧಮಾಡಿಸುವುದು ಬ್ರೋಕರೇ. ಇ-ಸ್ಟಾಂಪ್ ಕಾಗದದ ಮೇಲೆ ಹಳೆಯ ಒಂದು ನಮೂನೆಯನ್ನೇ ಹೆಸರು ಬದಲಿಸಿ ತರುತ್ತಾರೆ. ಸಹಿ ಹಾಕುವ ಹಿಂದಿನ ದಿನವೇ ಪ್ರತಿ ತರಿಸಿ, ಕೂತು ಓದಿ. ಎರಡೂ ಕಡೆಯವರಿಗೆ ಒಂದೇ ಅವಧಿಯ ನೋಟಿಸ್ ಇದೆಯಾ ನೋಡಿ. ಬಾಡಿಗೆದಾರರು ಮೂರು ತಿಂಗಳು, ಮಾಲೀಕರು ಹದಿನೈದು ದಿನ ಎಂದಿದ್ದರೆ ತಿದ್ದಿಸಿ. ವರ್ಗಾವಣೆಯ ನೌಕರಿಯವರು ಆರು ತಿಂಗಳೊಳಗೆ ಬಿಟ್ಟರೆ ಅಡ್ವಾನ್ಸ್ ಹೋಯಿತು ಎಂಬ ಸಾಲನ್ನು ಹೊಡೆದುಹಾಕಿಸಲೇಬೇಕು. ಬಾಡಿಗೆ ಏರಿಕೆ ಶೇಕಡಾ ಐದೋ ಹತ್ತೋ ಎಂಬುದು ಅಂಕಿಯಲ್ಲಿರಲಿ, “ಅಂದಿನ ದರದಂತೆ” ಎಂದು ಇರಬಾರದು. ಆಸ್ತಿ ತೆರಿಗೆ ಮಾಲೀಕರದು. ಕರಾರಿನಲ್ಲಿ ಮಾಲೀಕರ ಸಹಿಯೇ ಇರಲಿ. ಬ್ರೋಕರ್ ಸಾಕ್ಷಿ ಹಾಕಬಹುದು.

ಕಾಗದದಲ್ಲಿ ಬರೆಯದಿದ್ದರೂ 1882ರ ಕಾಯ್ದೆಯ 108ನೇ ಕಲಂ ಕೆಲವನ್ನು ಕೊಡುತ್ತದೆ. ಮನೆಯಲ್ಲಿ ಕಣ್ಣಿಗೆ ಕಾಣದ ದೊಡ್ಡ ದೋಷವಿದ್ದು ಮಾಲೀಕರಿಗೆ ಗೊತ್ತಿದ್ದರೆ ಮೊದಲೇ ಹೇಳಬೇಕು. ಬಾಡಿಗೆ ಕಟ್ಟುತ್ತಿರುವವರೆಗೆ ನೆಮ್ಮದಿಯಿಂದ ಇರಲು ಬಿಡಬೇಕು. ಅವರು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿ, ಸಾಕಷ್ಟು ಸಮಯ ಕೊಟ್ಟ ಮೇಲೂ ಮಾಡಿಸದಿದ್ದರೆ ನೀವು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನೋಟಿಸ್ ಬಗ್ಗೆ ಕರಾರು ಸುಮ್ಮನಿದ್ದರೆ ತಿಂಗಳ ಬಾಡಿಗೆಗೆ ಹದಿನೈದು ದಿನ ಎಂದು 106ನೇ ಕಲಂ. ಹನ್ನೊಂದು ತಿಂಗಳು ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಹೋದರೆ ನೀವು ಅಕ್ರಮವಾಗಿ ಕೂತವರಾಗುವುದಿಲ್ಲ. ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಸಾಮಾನು ಹೊರಗೆ ಹಾಕಿಸುವುದು, ಬೀಗ ಜಡಿಯುವುದು ಯಾರಿಗೂ ಸಲ್ಲದು. ಹಾಗೆ ಮಾಡಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಮನೆಯೊಳಗೆ ಹೋಗುವ ಆಜ್ಞೆ ಕೇಳಬಹುದು.

ಬಾಡಿಗೆಯನ್ನು ಮಾಲೀಕರ ಖಾತೆಗೆ, ಯಾವ ತಿಂಗಳದೆಂದು ಬರೆದು ಹಾಕಿ. ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ಹಳೆ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಬೇಕಿದ್ದರೆ ಮಾಲೀಕರ ಪ್ಯಾನ್ ಕೇಳುತ್ತಾರೆ. ಕೊಡುತ್ತಾರೋ ಇಲ್ಲವೋ ಮೊದಲೇ ಮಾತಾಡಿ.

ಭೋಗ್ಯಕ್ಕೆ ಹಾಕಿಕೊಳ್ಳುವವರು ಇನ್ನೂ ಹುಷಾರಾಗಿರಬೇಕು

“ತಿಂಗಳ ಬಾಡಿಗಿ ಯಾಕ್ರಿ, ಐದು ಲಕ್ಷ ಕೊಟ್ಟು ಲೀಸಿಗೆ ಹಾಕ್ಕೊಳ್ರಿ, ಮೂರು ವರ್ಷ ಆರಾಮ ಇರ್ರಿ, ದುಡ್ಡು ಪೂರಾ ವಾಪಸ್” ಎಂಬ ಸಲಹೆ ಬ್ರೋಕರ್‌ಗಳಿಂದ ಬರುತ್ತದೆ. ಕೂಡಿಟ್ಟ ಹಣವಿರುವ ಮಧ್ಯಮ ವರ್ಗದವರಿಗೆ ಇದು ಲಾಭವಾಗಿಯೇ ಕಾಣುತ್ತದೆ. ಆದರೆ ಇಲ್ಲಿ ನೀವು ಮಾಲೀಕರಿಗೆ ಸಾಲ ಕೊಡುತ್ತಿದ್ದೀರಿ, ಮನೆಯನ್ನು ಅದರ ಬಡ್ಡಿಗೆ ಪಡೆಯುತ್ತಿದ್ದೀರಿ. ಅಷ್ಟೊಂದು ಹಣ ಒಟ್ಟಿಗೇ ಯಾಕೆ ಬೇಕಾಯಿತು ಎಂದು ಕೇಳಿಕೊಳ್ಳಬೇಕು. ಎಷ್ಟೋ ಸಲ ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇರುತ್ತದೆ.

ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು, ಬ್ಯಾಂಕಿನ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಟ್ಟಿದ್ದರೆ, ಕಂತು ನಿಂತರೆ ಬ್ಯಾಂಕಿನವರು 2002ರ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ತೆಗೆದುಕೊಳ್ಳಲು ಬರುತ್ತಾರೆ. ಆಗ ನಿಮ್ಮ ನೋಟರಿ ಕಾಗದ ಬ್ಯಾಂಕನ್ನು ತಡೆಯುವುದಿಲ್ಲ. ನಿಮ್ಮ ಐದು ಲಕ್ಷವನ್ನು ಬ್ಯಾಂಕು ಕೊಡುವುದಿಲ್ಲ, ಮಾಲೀಕರ ಹಿಂದೆ ಬಿದ್ದು ವಸೂಲಿ ಮಾಡಬೇಕು. ಬ್ರೋಕರ್ ಅಷ್ಟರಲ್ಲಿ ಕಮಿಷನ್ ಪಡೆದು ಬಹಳ ದಿನವಾಗಿರುತ್ತದೆ.

ಆದ್ದರಿಂದ ಭೋಗ್ಯ ಎಂದ ಕೂಡಲೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ಜನ ಇಸಿ ಅನ್ನುವುದು ಇದನ್ನೇ. ಕ್ರಯಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಇಸಿಯಲ್ಲಿ ಕಾಣದೆಯೂ ಇರಬಹುದು, ಅದಕ್ಕೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯ ಜಾಲತಾಣದಲ್ಲೂ ಹುಡುಕಬಹುದು. ಇವೆರಡಕ್ಕಿಂತ ಸುಲಭದ ಪರೀಕ್ಷೆ ಒಂದಿದೆ: ಮೂಲ ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ಇದೆ ಎಂದರೆ ಮೂಲ ಎಲ್ಲಿದೆ ಎಂದು ಕೇಳಿ. ಎಲ್ಲ ಸರಿಯಿದ್ದರೆ ಪತ್ರವನ್ನು ನೋಂದಾಯಿಸಿ. ಸ್ವಾಧೀನ ಕೊಟ್ಟು ಮಾಡುವ ಭೋಗ್ಯದ ಅಡಮಾನಕ್ಕೆ ನೋಂದಣಿ ಕಡ್ಡಾಯ, ಒಂದು ವರ್ಷ ಮೀರಿದ ಲೀಸಿಗೂ ಕಡ್ಡಾಯ. ನೋಂದಣಿ ಬೇಡ ಎಂದು ಬ್ರೋಕರ್ ಒತ್ತಾಯಿಸಿದರೆ ಐದು ಲಕ್ಷ ಕೊಡಬೇಡಿ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಮನೆ ಬಿಡುವ ದಿನ

ಅಡ್ವಾನ್ಸ್ ವಾಪಸ್ಸು ಬರುವುದು ಮನೆಗೆ ಬಂದ ದಿನ ನೀವು ಏನು ಮಾಡಿದಿರಿ ಎಂಬುದರ ಮೇಲೆ ನಿಂತಿರುತ್ತದೆ. ಸಾಮಾನು ಇಳಿಸುವ ಮುನ್ನ ಖಾಲಿ ಮನೆಯ ವಿಡಿಯೊ ಮಾಡಿ: ಗೋಡೆಯ ಬಿರುಕು, ಬಾತ್‌ರೂಮಿನ ಟೈಲ್ಸು, ನಲ್ಲಿ, ಫ್ಯಾನು, ಕಿಟಕಿಯ ಗಾಜು, ಮೀಟರಿನ ಅಂಕಿ. ಅದೇ ದಿನ ಮಾಲೀಕರಿಗೆ ವಾಟ್ಸಾಪ್ ಮಾಡಿ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ನಮ್ಮ ರಾಜ್ಯದಲ್ಲಿ ಎಲ್ಲ ಕಡೆ ಇದೆ. ಕಾನೂನು ಹೇಳುವುದೇನೆಂದರೆ, ಸಹಜ ಬಳಕೆಯಿಂದಾದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಆದರೆ ಕರಾರಿನಲ್ಲೇ ಒಪ್ಪಿ ಸಹಿ ಹಾಕಿದ್ದರೆ ಕೊಡಬೇಕಾಗುತ್ತದೆ. ಆದ್ದರಿಂದ ಆ ಸಾಲನ್ನು ಸಹಿಗೆ ಮುಂಚೆಯೇ ಚರ್ಚಿಸಿ. ಎರಡು ವರ್ಷದೊಳಗೆ ಬಿಟ್ಟರೆ ಅರ್ಧ ತಿಂಗಳ ಬಾಡಿಗೆ ಎಂದಾದರೂ ಇಳಿಸಿಕೊಳ್ಳಬಹುದು.

ಬೀಗದ ಕೈ ಮತ್ತು ಅಡ್ವಾನ್ಸ್ ಒಂದೇ ಹೊತ್ತಿಗೆ ಕೈ ಬದಲಿಸಬೇಕು ಎಂದು ಕರಾರಿನಲ್ಲಿ ಬರೆಸಿ. “ಹೊಸಬ್ರು ಬಂದ ಮ್ಯಾಲೆ ಕೊಡ್ತೀವಿ” ಎನ್ನುವ ಮಾತಿಗೆ ಒಪ್ಪಬೇಡಿ. ಹೊಸ ಬಾಡಿಗೆದಾರರನ್ನು ಹುಡುಕುವುದು ಮಾಲೀಕರ ಮತ್ತು ಬ್ರೋಕರ್ ಕೆಲಸ, ನಿಮ್ಮ ಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊಡದೆ ಸತಾಯಿಸಿದರೆ ವಕೀಲರಿಂದ ಒಂದು ನೋಟಿಸ್ ಕೊಡಿಸಿ. ಮಾಲೀಕರೊಡನೆ ಬರೀ ಬಾಡಿಗೆಯ ಜಗಳ ಗ್ರಾಹಕ ಆಯೋಗಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ, ಸಿವಿಲ್ ಕೋರ್ಟಿನದು. ಹಣ ಬಾಕಿಯಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಅಲ್ಲಿಗೆ ಹೋಗುವ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ದಾವೆ ಹಾಕದೆಯೇ ಇಬ್ಬರನ್ನೂ ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುತ್ತಾರೆ, ಅಲ್ಲಾದ ರ‍ಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ವಕೀಲರೂ ಉಚಿತ. ಸಹಾಯವಾಣಿ 15100.

ಹೊರಡುವ ದಿನ ಮೀಟರಿನ ಫೋಟೊ ತೆಗೆದು ಕೊನೆಯ ಬಿಲ್ಲು ಕಟ್ಟಿ, ರಸೀದಿಯನ್ನು ಮಾಲೀಕರಿಗೆ ಕಳಿಸಿ. ಗೃಹ ಜ್ಯೋತಿಯಲ್ಲಿ ಆ ಮನೆಗೆ ಜೋಡಿಸಿದ ನಿಮ್ಮ ಆಧಾರನ್ನು ಅದೇ ವಾರ ಬಿಡಿಸಿಕೊಳ್ಳಿ. ಸೇವಾ ಸಿಂಧುವಿನಲ್ಲಿ ನೀವೇ ಮಾಡಬಹುದು, ಆಗದಿದ್ದರೆ ಕರ್ನಾಟಕ ಒನ್ ಕೇಂದ್ರದಲ್ಲಿ ಕೇಳಿ. ಅದು ಆಗುವವರೆಗೆ ಹೊಸ ಮನೆಯ ಮೀಟರಿಗೆ ನಿಮ್ಮ ಹೆಸರು ಸೇರುವುದಿಲ್ಲ, ನೀವು ಬಿಟ್ಟ ಮನೆಗೆ ಬಂದವರ ಹೆಸರೂ ಸೇರುವುದಿಲ್ಲ.